ಕ್ಲೌಡಿಗೇರಿದ ವಧೂವರರು

ಗೋವಾದ ಪರ್ವರಿಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟಿರುವ ಬಸವಂತಪ್ಪನವರಿಗೆ ಗಂಡು-ಹೆಣ್ಣು ಕೂಡಿಸುವ ಚಟ. ಅಲ್ಲಿ ವ್ಯಾಪಾರ ಮಾಡಿಕೊಂಡಿರುವ ಬೆಳಗಾವಿ-ಧಾರವಾಡ ಕಡೆಯ ಮನೆತನಗಳಲ್ಲಿ ಯಾರ ಮಗಳು ಮದುವೆಗೆ ಬಂದಳು, ಯಾರ ಮಗನ ತಲೆ ಬೋಳಾಗತೊಡಗಿತು ಎಂಬುದು ಹೆತ್ತ ತಾಯಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ಸೇವೆ ಪೂರಾ ಉಚಿತ. ಮದುವೆಯಲ್ಲಿ ರುಮಾಲು ಸುತ್ತಿ ಮುಂದಿನ ಸಾಲಿನಲ್ಲಿ ಕೂಡಿಸಿದರೆ ಸಾಕು. ಪಾತ್ರೆ ಮಾತ್ರ ಅವರ ಅಂಗಡಿಯವೇ ಆಗಬೇಕು. ಇಷ್ಟೆಲ್ಲ ಮದುವೆ ಮಾಡಿಸಿದವರ ಸ್ವಂತ ಮಗಳು, ಪಣಜಿಯ ಬ್ಯಾಂಕಿನಲ್ಲಿ ಕೆಲಸಕ್ಕಿರುವ ಕಾಂಚನಾಳಿಗೆ ಇನ್ನೂ ಗಂಡು ಗೊತ್ತಾಗಿರಲಿಲ್ಲ. ಹೋದ ಹೋದ ಮದುವೆಯಲ್ಲಿ ಜನ ಹೋಳಿಗೆಯ ಜೊತೆಗೆ ಈ ಮಾತನ್ನೂ ಅವರ ಎಲೆಗೆ ಬಡಿಸುತ್ತಿದ್ದರು.

ಮೊದಲು ವಧೂವರರೆಲ್ಲ ಅವರ ಫೋನಿನಲ್ಲಿದ್ದರು. ಒಂದು ದಿನ ಮಾಂಡೋವಿ ಹೊಳೆ ದಾಟುವ ಫೆರಿಯಲ್ಲಿ ಬಗ್ಗಿ ಮೀನು ನೋಡಹೋದಾಗ ಫೋನು ಜೇಬಿನಿಂದ ಜಾರಿ ನೀರು ಸೇರಿತು. ಎಂಜಿನಿಯರು, ಕಿರಾಣಿ ಅಂಗಡಿಯವರು, ಎರಡನೇ ಸಂಬಂಧದವರು, ಎಲ್ಲರಿಗೂ ಒಟ್ಟಿಗೆ ಜಲಸಮಾಧಿ.

ಪಕ್ಕದ ಮೊಬೈಲ್ ಅಂಗಡಿಯ ಉಜ್ಮಾ ಹೊಸ ಫೋನು ಕೈಗಿಡುತ್ತ, "ಕಾಕಾ, ಈ ಸಲ ಎಲ್ಲಾ ಕ್ಲೌಡಿನ್ಯಾಗ ಇಡ್ರಿ," ಎಂದಳು.

"ಅದು ಎಲ್ಲಿ ಬರ್ತದವಾ?"

"ಎಲ್ಲೋ ದೂರದ ಊರಾಗ ಕಂಪನಿಯವ್ರು ಸಾಲುಸಾಲು ಕಂಪ್ಯೂಟರ್ ಇಟ್ಟಿರ್ತಾರ. ಗೋದಾಮು ಅವ್ರದು, ಸಾಮಾನು ನಿಮ್ದು. ಫೋನು ಹೊಳಿಗೆ ಬಿದ್ರೂ ಸಾಮಾನಿಗೆ ಏನೂ ಆಗೂದಿಲ್ಲ. ಯಾವ ಫೋನಿನಿಂದ ಬೇಕಾದ್ರೂ ತಗೀರಿ. ಜಾಗಾ ಸಾಲದಿದ್ರ ಇನ್ನೊಂದೀಟು ಬಾಡಿಗಿ ಕೊಟ್ರಾತು, ನೀವೇನ್ ಗ್ವಾಡಿ ಕಟ್ಟಸೂದು ಬ್ಯಾಡ."

ಹೆಣ್ಣು ನೋಡುವ ರೂಢಿಯಲ್ಲೇ ಬಸವಂತಪ್ಪನವರು ಕೇಳಿದರು: "ಚಲೋದೆಲ್ಲಾ ಹೇಳ್ದಿ. ಐಬು ಏನೈತಿ?"

"ನೆಟ್‌ವರ್ಕ್ ಇಲ್ಲಂದ್ರ ಗೋದಾಮಿನ ಬಾಗಲಾ ತಗಿಯೂದಿಲ್ಲ. ಬಾಡಿಗಿ ನಿಲ್ಲಿಸಿದ್ರ ಸಾಮಾನು ಹೋದಂಗ. ಮತ್ತ ಕೀಲಿ ಯಾರ ಕೈಗೆ ಕೊಡ್ತೀರಿ, ನೋಡಿ ಕೊಡ್ರಿ. ಒಮ್ಮೆ ಹೊರಗ ಹೋದದ್ದು..."

ಅಷ್ಟರಲ್ಲಿ ತಮ್ಮ ಅಂಗಡಿಗೆ ಕುಕ್ಕರಿನ ಗಿರಾಕಿ ಬಂದದ್ದರಿಂದ ಬಸವಂತಪ್ಪನವರು ಅತ್ತ ಓಡಿದರು; ಮೂರನೆಯ ಐಬನ್ನು ಗೋಡೆಯೇ ಕೇಳಿಸಿಕೊಂಡಿತು.

ಅಂದಿನಿಂದ ಅವರು ಕ್ಲೌಡಿನ ಪ್ರಚಾರಕರಾದರು. ಚಮಚ ಕೊಳ್ಳಲು ಬಂದವರಿಗೂ ಗೋದಾಮಿನ ಪುರಾಣ. ಮಳೆಗಾಲದಲ್ಲಿ ಕರೆಂಟು ಹೋಗಿ, ಟವರು ಸತ್ತು, ಗಂಡಿನ ಕಡೆಯವರಿಗೆ ಫೋನಿನಲ್ಲಿ ಸುತ್ತುವ ಚಕ್ರವನ್ನೇ ತೋರಿಸುತ್ತ "ಹುಡುಗಿ ಬರಾಕತ್ತಾಳ್ರಿ, ಒಂದೀಟು ತಡೀರಿ" ಎಂದು ಬೆವರಿದ್ದೂ ಉಂಟು. ಆದರೂ ಭಕ್ತಿ ಕುಂದಲಿಲ್ಲ.

ದಪ್ಪ ಹೆಬ್ಬೆರಳಿಗೆ ಟೈಪಿಂಗ್ ಒಗ್ಗದು. ಹಾಗಾಗಿ ಯಾರದೇ ಮನೆ ನೋಡಿ ಬಂದರೂ ದಾರಿಯಲ್ಲೇ ಸ್ಕೂಟರು ನಿಲ್ಲಿಸಿ, ಅಲ್ಲಿ ಕಂಡದ್ದನ್ನೆಲ್ಲ ಫೋನಿಗೆ ಒದರಿ ರೆಕಾರ್ಡು ಮಾಡಿ, ಫೋಟೋದ ಜೊತೆ ಮೇಲಕ್ಕೆ, ಕ್ಲೌಡಿಗೆ, ಹತ್ತಿಸುತ್ತಿದ್ದರು. ಎದುರಿಗೆ ಎರಡೂ ಕಡೆಯವರಿಗೆ ಸಕ್ಕರೆ ಹಂಚುವ ಮನುಷ್ಯ, ಖರೇ ಮಾತಾಡುತ್ತಿದ್ದದ್ದು ಆ ಫೋನಿನ ಮುಂದೆ ಮಾತ್ರ.

ಹೀಗಿರುವಾಗ ಮಡಗಾಂವದಲ್ಲಿ ದೊಡ್ಡ ಬಟ್ಟೆ ಅಂಗಡಿಯಿರುವ ಸಾವಂತ್ರೆವ್ವ, ತನ್ನ ಮಗ ಶಶಿಧರನಿಗೆ ಕಾಂಚನಾಳ ಫೋಟೋ ಕೇಳಿದಳು. ಬಸವಂತಪ್ಪನವರ ಎದೆ ಉಬ್ಬಿತು. ಗಿರಾಕಿಗೆ ಒಂದೇ ಡಬ್ಬಿ ತೋರಿಸಬಾರದು, ಇಡೀ ಕಪಾಟು ತೆರೆದು ತೋರಿಸಿದರೇ ಒಳ್ಳೆಯದರ ಬೆಲೆ ತಿಳಿಯುವುದು. ಇದು ಅವರ ವ್ಯಾಪಾರದ ಪದ್ಧತಿ. ಉಳಿದ ಹುಡುಗಿಯರನ್ನೂ ನೋಡಲಿ, ಆಗ ತಮ್ಮ ಮಗಳೇ ಮೇಲೆಂದು ಗೊತ್ತಾಗುತ್ತದೆ ಎಂದುಕೊಂಡು ಇಡೀ ಫೋಲ್ಡರಿನ ಲಿಂಕನ್ನೇ ಕಳಿಸಿದರು. ಕಪಾಟಿನಲ್ಲಿ ತಮ್ಮ ದನಿಯೂ ಇದೆ ಎಂಬುದು ನೆನಪಾಗಲಿಲ್ಲ.

ಮುಂದಿನ ರವಿವಾರವೇ ಸಾವಂತ್ರೆವ್ವ ಮನೆಗೆ ಬಂದಳು. ಬಸವಂತಪ್ಪನವರು ಹೊಸ ಅಂಗಿ ತೊಟ್ಟು ಕೂತಿದ್ದರು. ಆಕೆ ಕುರ್ಚಿಯಲ್ಲಿ ಕೂತವಳೇ ಫೋನು ತೆಗೆದು ಮೇಜಿನ ಮೇಲಿಟ್ಟು ಒತ್ತಿದಳು.

"ಮಡಗಾಂವ, ಸಾವಂತ್ರೆವ್ವನ ಮನಿ," ಎಂದು ಬಸವಂತಪ್ಪನವರ ದನಿ ಕೋಣೆ ತುಂಬಿತು. "ಹುಡುಗ ಚಲೋ. ತಾಯಿ ಬಾಯಿ ಭಾಳ ದೊಡ್ಡದು. ಚಹಾದಾಗ ಹಾಲು ಹುಡುಕಬೇಕು. ಬಂದ ಸೊಸಿಗೆ ದಿನಾ ಶಿವರಾತ್ರಿ."

"ಅಕ್ಕಾರ, ಅದು ನಾ ಅಲ್ರಿ. ಗೋದಾಮಿನವ್ರು ಏನೋ ಅದಲು ಬದಲು..."

"ಅವರದ ದನಿರಿ," ಎಂದಳು ಚಹಾ ತಂದ ಹೆಂಡತಿ ಮುರುಗೆವ್ವ. "ನಾ ದಿನಾ ಕೇಳ್ತೇನಿ."

ಬಸವಂತಪ್ಪನವರು ಗಡಿಬಿಡಿಯಿಂದ ತಮ್ಮ ಫೋನು ತೆಗೆದು ಅಳಿಸತೊಡಗಿದರು.

"ಅಳಸ್ರಿ ಅಣ್ಣಾರ, ಸಾವಕಾಶ ಅಳಸ್ರಿ. ನಾ ಎಲ್ಲಾ ಇಳಿಸಿಕೊಂಡೇನಿ. ನಮ್ಮ ಅಕ್ಕನ ಬಳಗದ ಹೆಣ್ಣಮಕ್ಕಳ ಗ್ರೂಪಿನ್ಯಾಗ ಮಂದಿ ಬಿದ್ದು ಬಿದ್ದು ನಗಾಕತ್ತಾರ. ನಾ ಬಂದದ್ದು ಜಗಳಕ್ಕಲ್ಲ. ಶಶಿಧರಗ ಹೆಣ್ಣು ಗೊತ್ತಾತು. ಪಾತ್ರಿ ನಿಮ್ಮ ಕಡೆನ, ರುಮಾಲು ನಿಮ್ಮ ತಲಿಗೆ."

"ನಮ್ಮ ಕಾಂಚನಾ...?"

"ಅಲ್ರಿ. ಫೋಂಡಾದ ಮಂಗಲಾ." ಆಕೆ ಇನ್ನೊಂದನ್ನು ಒತ್ತಿದಳು. ಅದೇ ದನಿ: "ಹುಡುಗಿ ಅಪ್ಪಟ ಬಂಗಾರ. ಮೂಗು ಒಂದೀಟು ಮೊಂಡ, ಅಷ್ಟ. ಕಾಂಚನಾಂದು ಆಗೋತನಕ ಈಕಿನ್ನ ಯಾರಿಗೂ ತೋರಸಬಾರದು."

ಬಸವಂತಪ್ಪನವರು ಅಳಿಸುವುದು ಬಿಟ್ಟು ತಲೆಯೆತ್ತಿದರು. "ನನ್ನ ಮಗಳಿಗೆ ಏನ್ ಕಡಿಮಿ ಆಗೇತ್ರಿ, ಅಕ್ಕಾರ?"

"ಅದ ನೋಡ್ರಿ ತ್ರಾಸು. ಎಲ್ಲಾ ಹುಡುಗ್ಯಾರಿಗೂ ಒಂದೊಂದು ಐಬು ಹೇಳೀರಿ. ಕಾಂಚನಾಗ ಒಂದೂ ಇಲ್ಲ. ಸಿಟ್ಟಿಲ್ಲ, ಸೆಡವಿಲ್ಲ, ದೇವತಿ ಅಂದೀರಿ. ಏನೋ ದೊಡ್ಡದ ಮುಚ್ಚಿಟ್ಟಾರ ಅಂತ ನಮಗ ಅಂಜಿಕಿ ಬಂತು."

ಕುಕ್ಕರು, ಕೊಡ, ತಾಟುಗಳ ಆರ್ಡರು ಕೊಟ್ಟು, ಚಹಾ ಪೂರಾ ಕುಡಿದು, ಆಕೆ ಹೊರಟುಹೋದಳು.

ಒಳಗಿಂದ ಕಾಂಚನಾ ಬಂದು ಅಪ್ಪನ ಕೈಯಿಂದ ಫೋನು ಕಿತ್ತುಕೊಂಡಳು. ತನ್ನ ಬಗ್ಗೆ ಅಪ್ಪ ಮಾಡಿದ್ದ ಹಳೆಯ ರೆಕಾರ್ಡು ಅಳಿಸಿ, ಹೊಸದನ್ನು ಶುರು ಮಾಡಿದಳು: "ಕಾಂಚನಾ. ಅಡಿಗಿ ಬರೂದಿಲ್ಲ. ಸಿಟ್ಟು ಭಾಳ."

"ಅಡಿಗಿ ಮಾತು ಬ್ಯಾಡವಾ," ಎಂದರು ಬಸವಂತಪ್ಪನವರು ದೈನ್ಯದಿಂದ.

"ಬಾಕಿದ್ದು ನೀ ಹೇಳಪ್ಪಾ. ಮಂದಿ ನಂಬೂದು ನಿನ್ನ ದನಿ."

ಅವರು ಹೆಂಡತಿಯ ಕಡೆ ನೋಡಿದರು. ಆಕೆ ಗೋಡೆಯ ಕಡೆ ನೋಡಿದಳು. ಬಸವಂತಪ್ಪನವರು ಗಂಟಲು ಸರಿಮಾಡಿಕೊಂಡು ಫೋನಿನತ್ತ ಬಗ್ಗಿದರು.

"ಗೊರಕಿ ಹೊಡೀತಾಳ," ಎಂದರು.

"ಅಪ್ಪಾ!" ಎಂದು ಕಿರುಚಿದಳು ಕಾಂಚನಾ. ಅದೂ ಮೇಲಕ್ಕೆ ಹತ್ತಿತು.