ಬಾದಾಮಿ ಬಸ್ಸೇರಿದ ನನ್ನ ಬ್ಯಾಗು

ಇದು ಎರಡು ವರ್ಷದ ಹಿಂದಿನ ಮಾತು. ನಮ್ಮ ಹುನಗುಂದದ ಹತ್ತಿರದ ಹಳ್ಳಿಯೊಂದರ ಪಂಚಾಯಿತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕಿ ಕೆಲಸಕ್ಕೆ ನಾನು ಅರ್ಜಿ ಹಾಕಿದ್ದೆ. ಪಟ್ಟಿಯಲ್ಲಿ ನನ್ನ ಹೆಸರು ಬಂದಾಗ ಕುಣಿಯುವುದೊಂದು ಬಾಕಿ. ಮೂಲ ಅಂಕಪಟ್ಟಿಗಳೊಂದಿಗೆ ಬಾಗಲಕೋಟೆಯ ಕಚೇರಿಗೆ ಬೆಳಿಗ್ಗೆ ಹನ್ನೊಂದರೊಳಗೆ ಬರಬೇಕು, ತಪ್ಪಿದರೆ ಮುಂದಿನವರನ್ನು ಕರೆಯಲಾಗುವುದು ಎಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದರು. ವಯಸ್ಸಿನ ಲೆಕ್ಕದಲ್ಲಿ ನನಗೆ ಅದೇ ಕೊನೆಯ ಅವಕಾಶ.

ಪತ್ರ ಓದಿದ ಕೂಡಲೇ ನನ್ನ ತಲೆಗೆ ಬಂದದ್ದು ಬ್ಯಾಗಿನ ಚಿಂತೆ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಊರಿಗೆ ಹೋಗುವುದೆಂದರೆ ಸೀರೆ ಅಂಗಡಿಯವರು ಕೊಟ್ಟ ಚೀಲವೇ ಗತಿ. ಇಳಕಲ್ಲಿನ ಯಾವ ಬಸ್ಸು ಹತ್ತಿದರೂ ಅಂಥವೇ ಇಪ್ಪತ್ತು ಚೀಲ ಇರುತ್ತವೆ. ಈ ಸಲ ನನ್ನದೇ ಒಂದು ಒಳ್ಳೆಯ ಬ್ಯಾಗು ಬೇಕು ಎಂದು ಹಟ ಹಿಡಿದೆ. ಹುನಗುಂದದಲ್ಲಿ ಯಾವುದೂ ಮನಸ್ಸಿಗೆ ಬರಲಿಲ್ಲ. ಇಳಕಲ್ಲಿಗೆ ಹೋಗಿ ಒಂದು ಮಧ್ಯಾಹ್ನವೆಲ್ಲ ಅಂಗಡಿ ಅಂಗಡಿ ತಿರುಗಿದೆ. ಹಿಂದೆ ಬರುತ್ತಿದ್ದ ನನ್ನ ಗಂಡ, ಹೆಣ್ಣು ನೋಡಲಿಕ್ಕೂ ತಾನು ಇಷ್ಟು ಅಲೆದಿರಲಿಲ್ಲ ಎಂದು ಗೊಣಗಿದರು. ಅದಕ್ಕೇ ಹೀಗಾಯಿತು ಎಂದು ನಾನೂ ಬಿಡಲಿಲ್ಲ.

ಫೈಲು ಮಡಿಕೆ ಬೀಳದಂತೆ ಕೂರಬೇಕು. ಬುತ್ತಿಯ ಎಣ್ಣೆ ಫೈಲಿಗೆ ತಾಗಬಾರದು. ಫೋನಿಗೆ ಒಳಗೇ ಬೇರೆ ಕಿಸೆ ಇರಬೇಕು. ಒಂದೇ ಕೈಯಲ್ಲಿ ಜಿಪ್ಪು ಎಳೆಯಲು ಬರಬೇಕು, ಬಣ್ಣ ಹೊಲಸು ತೋರಿಸಬಾರದು. ಇಷ್ಟೆಲ್ಲ ಇದ್ದ ಬೂದು ಬಣ್ಣದ ಬ್ಯಾಗೊಂದು ಕೊನೆಗೆ ಸಿಕ್ಕಿತು. ಆದರೆ ಒಂದು ಪರೀಕ್ಷೆ ಉಳಿದಿತ್ತು. ಬಸ್ಸಿನ ಕಿಟಕಿಯಲ್ಲಿ ಅದು ತೂರಬೇಕು. ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದಂತಾದ ಮೇಲೆ ನಮ್ಮ ಕಡೆಯ ಬಸ್ಸುಗಳಲ್ಲಿ ಬಾಗಿಲಿನಿಂದ ಹತ್ತಿ ಸೀಟು ಹಿಡಿದವರಿಲ್ಲ. ಬಸ್ಸು ನಿಲ್ಲುವ ಮೊದಲೇ ಪಕ್ಕದಲ್ಲಿ ಓಡಿ, ಕಿಟಕಿಯಿಂದ ಟವೆಲ್ಲೋ ಚೀಲವೋ ಒಳಗೆ ಒಗೆದರೆ ಆ ಸೀಟು ನಮ್ಮದು. ಅಂಗಡಿಯವರಿಗೆ ಇದನ್ನು ಹೇಳಿದಾಗ ಅವರು ನಗುತ್ತ ಗೋಡೆಗೆ ಒರಗಿಸಿದ್ದ ಏಣಿ ತೋರಿಸಿದರು. ಅದರ ಎರಡು ಮೆಟ್ಟಿಲ ನಡುವೆ ಬ್ಯಾಗು ತೂರಿಸಿ ನೋಡಿದೆ. ಸರಾಗವಾಗಿ ಆಚೆ ಬಿತ್ತು. ಆ ಖುಷಿಯಲ್ಲಿ ಚೌಕಾಶಿ ಮಾಡುವುದನ್ನೇ ಮರೆತೆ.

ಆ ದಿನ ಬಂತು. ಎಂಟೂವರೆಯ ಬಾಗಲಕೋಟೆ ಬಸ್ಸಿಗೆ ಎಂಟಕ್ಕೇ ಹುನಗುಂದದ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತೆ. ಜೊತೆಗೆ ಯಾರೂ ಇರಲಿಲ್ಲ. ದಿನಾ ಬಾಗಲಕೋಟೆ ಗಾಡಿ ನಿಲ್ಲುವ ಜಾಗಕ್ಕೆ ಕೆಂಪು ಬಸ್ಸೊಂದು ತಿರುಗಿತೋ ಇಲ್ಲವೋ, ಜನ ಮುಗಿಬಿದ್ದರು. ನಾನೂ ಸೆರಗು ಸಿಕ್ಕಿಸಿ ಓಡಿದೆ. ಮೂರನೇ ಕಿಟಕಿಯಲ್ಲಿ ಬ್ಯಾಗು ಒಳಗೆ ಒಗೆದೆ. ಏಣಿಯಲ್ಲಿ ತೂರಿದಷ್ಟೇ ಚೆಂದವಾಗಿ ತೂರಿ ಸೀಟಿನ ಮೇಲೆ ಕೂತಿತು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಕಂಡಕ್ಟರ್ ‘ಬಾಗಲಕ್ವಾಟಿ, ಬಾಗಲಕ್ವಾಟಿ’ ಎಂದು ಕೂಗುವುದು ಕೇಳಿಸಿತು. ಜನ ಆ ಬಾಗಿಲಿಗೆ ನುಗ್ಗಿದರು, ನಾನೂ ಅವರೊಂದಿಗೆ ಒಳಗೆ ಸೇರಿದೆ.

ಮೂರನೇ ಕಿಟಕಿಯ ಸೀಟಿನಲ್ಲಿ ಬಿಳಿ ಗಡ್ಡದ ಅಜ್ಜ ಒಬ್ಬರು ಕೂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ನಾನು ಬ್ಯಾಗು ಇಟ್ಟ ಜಾಗದಲ್ಲಿ ಹೇಗೆ ಕೂತಿರಿ, ದೊಡ್ಡವರಾಗಿ ಇಷ್ಟು ತಿಳಿಯುವುದಿಲ್ಲವೇ ಎಂದು ಇಡೀ ಬಸ್ಸಿಗೆ ಕೇಳುವಂತೆ ಜಗಳ ತೆಗೆದೆ. ಅವರು ಎದ್ದು ನಿಂತರು. “ಕುಂಡ್ರವಾ ತಂಗಿ” ಎಂದರಷ್ಟೆ.

ನಾನು ಗತ್ತಿನಿಂದ ಕೂತೆ. ಬಸ್ಸು ಊರು ದಾಟಿತು. ಆಮೇಲೆ, ಅಜ್ಜ ಬ್ಯಾಗನ್ನು ಕೆಳಗೆ ಸರಿಸಿರಬೇಕೆಂದು ಸೀಟಿನ ಕೆಳಗೆ ಬಗ್ಗಿದೆ. ಇಲ್ಲ. ಮುಂದೆ, ಹಿಂದೆ, ಎಲ್ಲೂ ಇಲ್ಲ. ನನ್ನ ಮುಖ ನೋಡಿ ಅಜ್ಜ ಏನಾಯಿತೆಂದು ಕೇಳಿದರು. ಕಿಟಕಿಯಿಂದ ಒಗೆದ ಬ್ಯಾಗು ಇಲ್ಲ ಎಂದೆ. ಕಂಡಕ್ಟರಿಗೆ ಮಾತ್ರ ತಟ್ಟನೆ ಹೊಳೆಯಿತು.

“ನಮ್ಮ ಮುಂದ ಬಾದಾಮಿ ಗಾಡಿ ನಿಂತಿತ್ತಲ್ರಿ ಅಕ್ಕಾರ, ಅದರಾಗ ಒಗದೀರಿ ನೀವು. ಅದು ಹೋಗಿಬಿಟ್ತು.”

ನನ್ನ ಹತ್ತನೆಯ ತರಗತಿಯಿಂದ ಪದವಿಯವರೆಗಿನ ಎಲ್ಲ ಮೂಲ ಅಂಕಪಟ್ಟಿಗಳೂ ಬಾದಾಮಿಗೆ ಹೊರಟಿದ್ದವು. ಏಣಿಗೆ ತೂರಿಸಿ ನೋಡಿದ ಜಾಣೆ ಬಸ್ಸಿನ ಬೋರ್ಡು ಓದಿರಲಿಲ್ಲ. ಅಳು ಬಂತು, ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ನನ್ನ ಫೋನು ಸಹ ಬ್ಯಾಗಿನಲ್ಲೇ ಇತ್ತು. ಅಷ್ಟು ಇಷ್ಟಪಟ್ಟು ಆರಿಸಿದ ಒಳಕಿಸೆಯಲ್ಲಿ! ಅಜ್ಜ ತಮ್ಮ ಫೋನು ತೆಗೆದು ನನ್ನ ನಂಬರು ಕೇಳಿ ಹಚ್ಚಿದರು. ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ. ನಾಲ್ಕು ಸಲ ಹಚ್ಚಿದರು. ಎರಡೂ ಬಸ್ಸು ಅಮೀನಗಡದವರೆಗೆ ಒಂದೇ ದಾರಿ ಎಂದು ಕಂಡಕ್ಟರ್ ಹೇಳಿದ್ದೇ ತಡ, ಅಜ್ಜನ ಮುಖ ಅರಳಿತು. ಅಮೀನಗಡದ ಬಸ್‌ಸ್ಟ್ಯಾಂಡಿನ ಎದುರಿಗೇ ಅವರ ಅಳಿಯನ ಕರದಂಟಿನ ಅಂಗಡಿ ಇತ್ತಂತೆ. ಕೂಡಲೇ ಅವನಿಗೆ ಫೋನು ಹಚ್ಚಿದರು.

“ಬಾದಾಮಿ ಗಾಡಿ ಬಂದ ಕೂಡ್ಲೆ ಅದರ ಮುಂದ ಹೋಗಿ ನಿಂದ್ರು. ನಾವು ಬರೂತನ ಬಿಡಬ್ಯಾಡ. ಈ ಹೆಣಮಗಳ ನೌಕ್ರಿ ಅದರಾಗ ಐತಿ.”

ಇದನ್ನೆಲ್ಲ ಅವರು ಕಂಬಿ ಹಿಡಿದು ನಿಂತೇ ಮಾಡಿದರು. ನಾನು ಅವರ ಸೀಟಿನಲ್ಲಿ ಕೂತೇ ಇದ್ದೆ. ಆ ಗಾಬರಿಯಲ್ಲಿ ಅದೂ ನನಗೆ ತಿಳಿಯಲಿಲ್ಲ.

ನಮ್ಮ ಡ್ರೈವರ್ ಬಸ್ಸಿನ ವೇಗ ಹೆಚ್ಚಿಸಿದರು. ಬಸ್ಸಿನವರೆಲ್ಲ ಕಿಟಕಿಯಿಂದ ಇಣುಕಿ ಬಾದಾಮಿ ಗಾಡಿ ಕಂಡಿತೇ ಎಂದು ನೋಡತೊಡಗಿದರು. ಬೆಳಿಗ್ಗೆ ಸೀಟಿಗಾಗಿ ಒಬ್ಬರನ್ನೊಬ್ಬರು ತಳ್ಳಿದವರೇ ಈಗ ನನ್ನ ಬ್ಯಾಗಿಗಾಗಿ ಕತ್ತು ಉದ್ದ ಮಾಡಿ ಕೂತಿದ್ದರು.

ಅಮೀನಗಡ ಬಂತು. ಬಾದಾಮಿ ಬಸ್ಸು ಅಲ್ಲೇ ಇತ್ತು! ಅಜ್ಜನ ಅಳಿಯ ಬಸ್ಸಿನ ಮುಂದೆ ಕರದಂಟಿನ ಡಬ್ಬಿ ತೆರೆದು ನಿಂತಿದ್ದ. ಆ ಬಸ್ಸಿನ ಡ್ರೈವರ್ ಅವನ ಜೊತೆ ನಿಂತು ನಿಧಾನವಾಗಿ ಅಗಿಯುತ್ತಿದ್ದರು. ನಾನು ಜಿಗಿದು ಇಳಿದು ಓಡಿದೆ.

ಬಸ್ಸು ಬಾಗಿಲವರೆಗೂ ತುಂಬಿತ್ತು. ಜನರನ್ನು ಸರಿಸಿಕೊಂಡು ಒಳಗೆ ಹೋಗಿ ನೋಡಿದರೆ, ಕಾಲಿಡಲು ಜಾಗವಿಲ್ಲದ ಆ ಬಸ್ಸಿನಲ್ಲಿ ಮೂರನೇ ಕಿಟಕಿಯ ಸೀಟು ಮಾತ್ರ ಖಾಲಿ ಇತ್ತು. ಅದರ ಮೇಲೆ ನನ್ನ ಬೂದು ಬ್ಯಾಗು ಒಂದೇ ಕೂತಿತ್ತು. ಪಕ್ಕದಲ್ಲಿ ಒಬ್ಬ ಮುದುಕಿ ನಿಂತಿದ್ದರು. ಹಣೆಯ ತುಂಬ ಬೀರಪ್ಪ ದೇವರ ಭಂಡಾರದ ಅರಿಶಿನ, ಒಂದು ಕೈ ಕಂಬಿಯ ಮೇಲೆ, ಇನ್ನೊಂದು ನನ್ನ ಬ್ಯಾಗಿನ ಮೇಲೆ.

“ನಿಂದೇನ ಮಗಳ?” ಎಂದರು. “ಹುನಗುಂದದಾಗ ಚೀಲ ಒಗದಾಳ, ಬರತಾಳ ಅಂತ ಮಂದಿಗೆ ಹೇಳಕೋತ ಬಂದೆ. ಒಳಗ ಫೋನ್ ಒಂದ ಸಮನ ಬಡಕೊಂಡ್ತು ನೋಡು. ಮಂದಿ ಚೀಲ ನಾ ಹೆಂಗ ತೆರೀಲಿ?”

ಹುನಗುಂದದಿಂದ ಅಮೀನಗಡದವರೆಗೆ ಖಾಲಿ ಸೀಟಿನ ಪಕ್ಕ ಆ ತಾಯಿ ನಿಂತೇ ಬಂದಿದ್ದರು. ನೀವಾದರೂ ಕೂಡಬಾರದಿತ್ತೇ ಎಂದು ಕೇಳಿದೆ.

“ಚೀಲ ಇಟ್ಟ ಜಾಗಾ ಅಲ್ಲೇನ” ಎಂದರು ಅವರು, ಇದೂ ಒಂದು ಕೇಳುವ ಮಾತೇ ಎಂಬಂತೆ.

ಬ್ಯಾಗು ಎತ್ತಿಕೊಂಡು ಅವರನ್ನು ಅಲ್ಲಿ ಕೂರಿಸಿದೆ. ಅವರ ಕಾಲು ಮುಟ್ಟಿದೆ. ಕಂಡಕ್ಟರ್ ಸೀಟಿ ಊದಿದರು, ಹೆಸರು ಕೇಳಲೂ ಆಗಲಿಲ್ಲ.

ನಮ್ಮ ಬಸ್ಸಿಗೆ ಮರಳಿದಾಗ ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ಸೀಟು ಖಾಲಿ ಇತ್ತು. ಅಜ್ಜ ಇನ್ನೂ ನಿಂತಿದ್ದರು. ಆಗ ಮಾತ್ರ ನನಗೆ ನಾಚಿಕೆಯಾಯಿತು, ಎಲ್ಲಿ ಮುಖ ಮುಚ್ಚಿಕೊಳ್ಳಲಿ ಎನ್ನುವಷ್ಟು. ತಪ್ಪಾಯಿತು ಎಂದು ಕೈಮುಗಿದು ಅವರನ್ನು ಕೂರಿಸಿದೆ. ಬಾಗಲಕೋಟೆಯವರೆಗೆ ನಿಂತೇ ಹೋದೆ. ಬ್ಯಾಗನ್ನು ಎದೆಗೆ ಅವಚಿಕೊಂಡಿದ್ದೆ.

ಹತ್ತೂವರೆಗೆ ಕಚೇರಿ ತಲುಪಿದೆ. ಅಂಕಪಟ್ಟಿಗಳ ಮೇಲೆ ಒಂದು ಮಡಿಕೆಯೂ ಬಿದ್ದಿರಲಿಲ್ಲ. ಬ್ಯಾಗು ಆರಿಸಿದ್ದರಲ್ಲಿ ಮಾತ್ರ ನಾನು ಸೋತಿರಲಿಲ್ಲ. ಕೆಲಸ ಸಿಕ್ಕಿತು. ಆ ಬ್ಯಾಗನ್ನೇ ಹಾಕಿಕೊಂಡು ದಿನಾ ಗ್ರಂಥಾಲಯಕ್ಕೆ ಹೋಗುತ್ತೇನೆ. ಜಿಪ್ಪು ಒಮ್ಮೆ ಬದಲಿಸಿದ್ದೇನೆ. ಬೋರ್ಡು ಎರಡು ಸಲ ಓದಿ ಬಸ್ಸು ಹತ್ತುತ್ತೇನೆ.

ಬಸ್ಸಿನಲ್ಲಿ ಸೀಟಿನ ಮೇಲೆ ಒಂಟಿ ಚೀಲ ಕಂಡರೆ ನನ್ನ ಕಾಲು ತಾನಾಗಿಯೇ ಅದರ ಪಕ್ಕ ನಿಲ್ಲುತ್ತದೆ. ಇದು ಯಾರದೆಂದು ಯಾರಾದರೂ ಕೇಳುತ್ತಾರೆ. ನನಗೂ ಗೊತ್ತಿರುವುದಿಲ್ಲ. ಆದರೂ ಅದರ ಮೇಲೆ ಕೈಯಿಟ್ಟು, “ಬರತಾರ, ತಡೀರಿ” ಎನ್ನುತ್ತೇನೆ.