ಮುಂಚೆ ಹೋದ ದೇವರು

ಮನೆ ಒಡೆಸುವ ಸುದ್ದಿ ಹೇಳಲು ಮಾಲೀಕ ವೆಂಕಟೇಶ್ ಬಂದಾಗ ಯಶೋದಮ್ಮನವರು ಸೀರೆಯೊಂದರ ಸೆರಗಿಗೆ ಕುಚ್ಚು ಕಟ್ಟುತ್ತಾ ಕೂತಿದ್ದರು. ರಾಜಾಜಿನಗರದ ಆ ಅಡ್ಡರಸ್ತೆಯಲ್ಲಿ ಮುಂದೆ ವೆಂಕಟೇಶ್ ಮನೆ, ಹಿಂದೆ ಇವರ ಎರಡು ಕೋಣೆ. ಮದುವೆಯಾಗಿ ಬಂದಾಗಿನಿಂದ ಬೇರೆ ಮನೆ ಕಂಡವರಲ್ಲ.

"ಶ್ರಾವಣಕ್ಕೆ ಗುದ್ದಲಿ ಪೂಜೆ ಇಟ್ಕೊಂಡಿದೀವಿ ಯಶೋದಮ್ಮ. ಅಷ್ಟರೊಳಗೆ ಹಳೇದೆಲ್ಲ ಕೆಡವಬೇಕು. ನಿಮಗೆ ಹೇಳೋಕೆ ನಂಗೇ ಒಂಥರಾ ಆಗ್ತಿದೆ," ಅಂದ ವೆಂಕಟೇಶ್. ಒಳ್ಳೆಯ ಮನುಷ್ಯ, ತಲೆ ತಗ್ಗಿಸಿಕೊಂಡೇ ಹೇಳಿದ.

"ಅದಕ್ಯಾಕೆ ಬೇಜಾರು ಮಾಡ್ಕೋತೀರ? ನಿಮ್ಮ ಮನೆ ನೀವು ಕಟ್ಟಿಸ್ತೀರ. ನಮಗೆ ಆಂಜನೇಯ ಒಂದು ದಾರಿ ತೋರಿಸ್ತಾನೆ ಬಿಡಿ," ಅಂತ ಯಶೋದಮ್ಮ ಕಾಫಿ ಕೊಟ್ಟು ಕಳಿಸಿದರು.

ಈ ಮಾತು ಅವರ ಬಾಯಲ್ಲಿ ಸದಾ ಸಿದ್ಧವಿರುತ್ತಿತ್ತು. ಪಕ್ಕದ ಮನೆಯ ಹುಡುಗಿಗೆ ಗಂಡು ಕೂಡಿ ಬರದಿದ್ದಾಗ, ಎದುರು ಮನೆಯವರ ಹುಡುಗ ಫೇಲಾದಾಗ, ಎಲ್ಲರಿಗೂ ಇದನ್ನೇ ಹೇಳಿ ಸಮಾಧಾನ ಮಾಡಿದ್ದರು. ಈಗ ತಮ್ಮ ಸರದಿ ಬಂದಿತ್ತು.

ಗಂಡ ಅಂಜಿನಯ್ಯ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯಲ್ಲಿ ಲೇತ್ ಓಡಿಸಿ ರಿಟೈರಾದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಗಾಲು ಎಳೆಯುತ್ತಿತ್ತು. ಕೋಲು ಹಿಡಿದು ನೆಲದ ಮೇಲೆ ನಡೆಯಬಲ್ಲರು, ಮೆಟ್ಟಿಲು ಮಾತ್ರ ಆಗದು. ಬೆಳಿಗ್ಗೆ ಎದ್ದು ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರೆ ಊರಿನ ರಾಜಕೀಯವೆಲ್ಲ ಅಲ್ಲೇ ಇತ್ಯರ್ಥವಾಗಬೇಕು. ಸೊಪ್ಪಿನವಳಿಗೂ ಇಸ್ತ್ರಿಯವನಿಗೂ ಅವರ ತೀರ್ಪು ಕೇಳದೆ ಮುಂದೆ ಹೋಗಲು ಬಿಡುಗಡೆ ಇರಲಿಲ್ಲ. ಹಾಗಾಗಿ ಯಶೋದಮ್ಮನವರಿಗೆ ಬೇಕಾಗಿದ್ದು ನೆಲಮಟ್ಟದ ಮನೆ. ಮಿಕ್ಕಿದ್ದು ಹೇಗಿದ್ದರೂ ಆದೀತು.

ಆದರೆ ಬೆಂಗಳೂರಿನಲ್ಲಿ ಈಗ ಕೆಳಗಿನ ಜಾಗವೆಲ್ಲ ಕಾರಿಗೆ, ಮೇಲಿನದು ಮನುಷ್ಯರಿಗೆ. ಸೊಸೆ ರಂಜಿನಿಯ ಸ್ಕೂಟರಿನ ಹಿಂದೆ ಕೂತು ಯಶೋದಮ್ಮ ವಿಜಯನಗರ, ಬಸವೇಶ್ವರನಗರ, ಮಲ್ಲತ್ತಹಳ್ಳಿ ಎಲ್ಲ ಸುತ್ತಿದರು. 'ಬಾಡಿಗೆಗೆ ಇದೆ' ಅನ್ನುವ ಬೋರ್ಡು ಕಂಡಲ್ಲೆಲ್ಲ ಇಳಿದರು. ಮಲ್ಲತ್ತಹಳ್ಳಿಯಲ್ಲೊಂದು ಮನೆಯಿಂದ ಕೆರೆಯೇ ಕಾಣುತ್ತಿತ್ತು, ಗಾಳಿ ಬೆಳಕು ಧಾರಾಳ. ಆದರೆ ಎರಡನೇ ಮಹಡಿ. ಇನ್ನೊಂದು ಕಡೆ ಬ್ರೋಕರು ಕೆಳಮನೆ ಅಂತ ಕರೆದುಕೊಂಡು ಹೋಗಿ ಆರು ಮೆಟ್ಟಿಲು ತೋರಿಸಿ, "ಇದೇನು ಮೆಟ್ಲಾ ಆಂಟಿ?" ಅಂದ. ಅಂಜಿನಯ್ಯನ ಕಾಲು ಅವನಿಗಿದ್ದಿದ್ದರೆ ಗೊತ್ತಾಗುತ್ತಿತ್ತು ಅಂತ ಯಶೋದಮ್ಮನವರಿಗೆ ಮೈ ಉರಿಯಿತು.

ಮಗ ಮಹೇಶ್ ಕೆಂಗೇರಿಯಲ್ಲಿ ಮೂರನೇ ಮಹಡಿಯಲ್ಲಿದ್ದ. ಲಿಫ್ಟ್ ಇಲ್ಲದ ಕಟ್ಟಡ. ಒಂದು ಭಾನುವಾರ ಬಂದು, "ಸುಮ್ನೆ ನಮ್ಮನೆಗೆ ಬಂದುಬಿಡಿ ಅಮ್ಮ. ಅಪ್ಪನ್ನ ನಾವೆಲ್ಲ ಸೇರಿ ಎತ್ಕೊಂಡು ಹತ್ತಿಸಿಬಿಡ್ತೀವಿ," ಅಂದ.

ಅಂಜಿನಯ್ಯ ಮಗನನ್ನೇ ನೋಡಿದರು. "ಹತ್ತಿಸ್ತೀಯ ಕಣೋ. ಆಮೇಲೆ ನಾನು ಇಳಿಯೋದು ಒಂದೇ ಸಲ. ಅವಾಗ್ಲೂ ನೀವೇ ಎತ್ಕೊಂಡು ಇಳಿಸ್ತೀರ."

ಮಹೇಶನ ಕಣ್ಣು ತುಂಬಿತು. ಯಶೋದಮ್ಮನವರಿಗೆ ಅಡುಗೆಮನೆಯಲ್ಲಿ ಏನೂ ಕೆಲಸವಿರಲಿಲ್ಲ, ಆದರೂ ಎದ್ದು ಹೋದರು.

ಅಷ್ಟರಲ್ಲಿ ಜ್ಯೇಷ್ಠ ಮಾಸ ಮುಗಿಯುತ್ತಾ ಬಂದಿತ್ತು. ಆಷಾಢದಲ್ಲಿ ಮನೆ ಬದಲಿಸುವಂತಿಲ್ಲ. ವೆಂಕಟೇಶ್ ಶ್ರಾವಣದವರೆಗೆ ಗಡುವು ಕೊಟ್ಟಿದ್ದರೂ ಯಶೋದಮ್ಮನವರ ಲೆಕ್ಕದಲ್ಲಿ ಅಮಾವಾಸ್ಯೆಗೇ ಗಡುವು. ಆ ಶನಿವಾರ ಅವರು ಆಂಜನೇಯನ ಗುಡಿಗೆ ಹೋದವರು ಮಾಮೂಲಿನಂತೆ ದೇವರನ್ನು ಮಾತಾಡಿಸಲಿಲ್ಲ. ಕೈಮುಗಿದು ಸುಮ್ಮನೆ ನಿಂತರು. ಸಿಟ್ಟು ಬಂದಿತ್ತು. ಇಷ್ಟು ವರ್ಷ ಊರಿಗೆಲ್ಲ ನಿನ್ನ ಪರವಾಗಿ ಮಾತು ಕೊಟ್ಟೆನಲ್ಲ, ಈಗ ನನ್ನ ಮುಖ ಉಳಿಸುವುದು ಬೇಡವೇ ಅನ್ನಿಸಿತು. ಅನ್ನಿಸಿದ್ದಕ್ಕೆ ಹೆದರಿಕೆಯೂ ಆಯಿತು.

ಗುಡಿಯ ಹೊರಗೆ ಹೂವು ಮಾರುವ ಅಂಜಮ್ಮ, "ಯಾಕಕ್ಕ ಮುಖ ಹಿಂಗಾಗೈತೆ?" ಅಂತ ಕೇಳಿದಳು. ವಿಷಯ ತಿಳಿದು, "ಬ್ಯಾಡರಹಳ್ಳಿಲಿ ನಮ್ಮನೆ ಪಕ್ಕದಾಗೆ ಒಂದು ಖಾಲಿ ಆಗ್ತೈತೆ ನೋಡಿ. ಓನರ್ರು ಮೇಲೆ ಅವ್ರೆ, ಕೆಳಗೆ ಬಾಡಿಗೆಯೋರು," ಅಂದಳು.

ಮನೆ ಹೇಳಿ ಮಾಡಿಸಿದ ಹಾಗಿತ್ತು. ರಸ್ತೆಯಿಂದ ಒಂದೇ ಹೊಸಿಲು. ಮಾಲೀಕರು ವಯಸ್ಸಾದವರು, ಕಾರಿಲ್ಲ, ಕೂಡಲೇ ಒಪ್ಪಿದರು. ಒಳಗಿದ್ದವರು ಮುರುಗೇಶ್ ಮತ್ತು ಅವನ ಹೆಂಡತಿ ಸೆಲ್ವಿ. ತಮಿಳಿನವರು, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು. ಮಾಗಡಿ ರಸ್ತೆಯಲ್ಲಿ ಇನ್ನೂ ಮುಂದೆ ಪುಟ್ಟದೊಂದು ಸ್ವಂತ ಮನೆ ಕಟ್ಟಿಸುತ್ತಿದ್ದರು.

"ನೆಲಕ್ಕೆ ಕಲ್ಲು ಹಾಕೋದೊಂದು ಬಾಕಿ ಅಮ್ಮ," ಅಂದಳು ಸೆಲ್ವಿ. "ಆಡಿ ತಿಂಗಳು ಹುಟ್ಟೋದ್ರೊಳಗೆ ಹೋಗಿಬಿಡ್ತೀವಿ. ಆಡೀಲಿ ನಾವು ಮನೆ ಬದಲಾಯಿಸಲ್ಲ."

ಯಶೋದಮ್ಮ ಅಲ್ಲೇ ಕೂತುಬಿಟ್ಟರು. ಈ ಸಲ ತಮಿಳರ ಆಡಿ ಹುಟ್ಟುವ ಹೊತ್ತಿಗೆ ಕನ್ನಡಿಗರ ಆಷಾಢ ಅರ್ಧ ದಾಟಿರುತ್ತದೆ. ಸೆಲ್ವಿ ಖಾಲಿ ಮಾಡುವುದೇ ಆಷಾಢದಲ್ಲಿ. ಅವರಿಗೆ ಸರಿಹೋಗುವ ದಿನ ತಮಗೆ ಆಗಿಬರದು. ರಂಜಿನಿ, "ಈ ಕಾಲದಲ್ಲಿ ಯಾರತ್ತೆ ಇದೆಲ್ಲ ನೋಡ್ತಾರೆ?" ಅಂತ ಪಿಸುಗುಟ್ಟಿದಳು. ಅತ್ತೆ ಅವಳನ್ನು ದುರುಗುಟ್ಟಿ ನೋಡಿದರು.

ಸೆಲ್ವಿ ಒಂದು ಲೋಟ ನೀರು ತಂದು ಕೊಟ್ಟು ವಿಷಯ ಕೇಳಿ ತಿಳಿದಳು. "ಹಾಲು ಉಕ್ಕಿಸೋದು ತಾನೇ ಅಮ್ಮ ಮುಖ್ಯ? ಅಮಾಸೆಗೆ ಮುಂಚೆ ಇಲ್ಲೇ ಬಂದು ಉಕ್ಕಿಸಿಬಿಡಿ, ನನ್ನ ಒಲೆ ಮೇಲೆ. ದೇವರ ಫೋಟೋನೂ ಇಟ್ಟುಹೋಗಿ. ದೇವರ ಲೆಕ್ಕಕ್ಕೆ ನೀವು ಬಂದಾಯ್ತು. ಮಂಚ, ಪಾತ್ರೆ ಯಾವಾಗಾದ್ರೂ ಬರ್ಲಿ."

ಬೇರೊಬ್ಬರು ಸಂಸಾರ ಮಾಡುತ್ತಿರುವ ಮನೆಯಲ್ಲಿ ಗೃಹಪ್ರವೇಶ! ಯಶೋದಮ್ಮನವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗುಡಿಯ ಅರ್ಚಕರನ್ನು ಕೇಳಿದರೆ, "ತಪ್ಪೇನಿಲ್ಲ, ಮಾಡಿ," ಅಂದರು.

ಅಮಾವಾಸ್ಯೆಗೆ ಮುಂಚಿನ ಶುಕ್ರವಾರ ಆಟೋದಲ್ಲಿ ಅಂಜಿನಯ್ಯನನ್ನೂ ಕೂರಿಸಿಕೊಂಡು, ಅರಿಶಿನ, ಕುಂಕುಮ, ಉಪ್ಪು, ತೊಗರಿಬೇಳೆ, ಒಂದು ಬಿಂದಿಗೆ ನೀರು, ಮತ್ತೆ ಅತ್ತೆಯ ಕಾಲದ ಆಂಜನೇಯನ ಫೋಟೋ ಹಿಡಿದು ಹೊರಟರು. ಸೆಲ್ವಿ ಒಲೆ ತೊಳೆದು ರಂಗೋಲಿ ಎಳೆದಿದ್ದಳು. ದೇವರ ಗೂಡಿನಿಂದ ತನ್ನ ಮುರುಗನ ಪಟ ತೆಗೆಯಲು ಕೈ ಹಾಕಿದಾಗ ಯಶೋದಮ್ಮ ತಡೆದರು.

"ಬೇಡ ತಾಯಿ. ನಿನ್ನ ದೇವ್ರನ್ನ ಎಬ್ಬಿಸಿ ನನ್ನ ದೇವ್ರನ್ನ ಕೂರಿಸ್ತೀನಾ? ಸ್ವಲ್ಪ ಪಕ್ಕಕ್ಕೆ ಸರಿಸು, ಇಬ್ರೂ ಹಿಡೀತಾರೆ."

ಹಾಲು ಉಕ್ಕಿ ಗ್ಯಾಸ್ ಆರಿಹೋಯಿತು. ಎಲ್ಲರೂ ನಕ್ಕರು. ಸಕ್ಕರೆ ಹಾಕಿ ಎರಡೂ ಮನೆಯವರು ಕುಡಿದರು. ವಾಪಸ್ಸು ಬರುವಾಗ ಆಟೋದಲ್ಲಿ ಅಂಜಿನಯ್ಯ, "ಅಲ್ಲ ಕಣೇ, ದೇವ್ರನ್ನೇ ಮುಂಚೆ ಕಳಿಸಿಬಿಟ್ಟೆ. ಈಗ ನಮ್ಮನ್ನ ನೋಡ್ಕೊಳ್ಳೋರು ಯಾರು?" ಅಂತ ರೇಗಿಸಿದರು.

ತಮಾಷೆಗೆ ಹೇಳಿದ್ದು. ಆದರೆ ಸಂಜೆ ದೀಪ ಹಚ್ಚಲು ಹೋದರೆ ಗೂಡಿನಲ್ಲಿ ಫೋಟೋ ಇದ್ದ ಜಾಗದ ಮಾಸಲು ಗುರುತಷ್ಟೇ. ಯಶೋದಮ್ಮ ಆ ಗೋಡೆಗೇ ದೀಪ ತೋರಿಸಿ ಕೈಮುಗಿದರು. ದಿನವೂ ಹಾಗೇ ಮಾಡಿದರು. ಬೇಡಿಕೊಳ್ಳುವುದಕ್ಕೆ ಎದುರಿಗೆ ಯಾರೂ ಇಲ್ಲದ್ದರಿಂದ ಬೇಡಿಕೊಳ್ಳುವುದೂ ನಿಂತಿತು. "ನೀನು ಅಲ್ಲಿದೀಯ. ಕರೆದಾಗ ಬರ್ತೀವಿ," ಅಷ್ಟೇ ಅನ್ನುತ್ತಿದ್ದರು.

ಆಷಾಢ ಹುಟ್ಟಿತು. ಸೆಲ್ವಿಯಿಂದ ಒಳ್ಳೆಯ ಸುದ್ದಿ ಬರಲಿಲ್ಲ. ಕಲ್ಲು ಹಾಕುವ ಮೇಸ್ತ್ರಿ ಊರಿಗೆ ಹೋದವನು ಫೋನೇ ಎತ್ತುತ್ತಿಲ್ಲ. "ಆಡಿಗೆ ಮುಂಚೆ ಆಗ್ಲಿಲ್ಲ ಅಂದ್ರೆ ಇನ್ನೊಂದು ತಿಂಗಳು ನಾವಿಲ್ಲೇ ಅಮ್ಮ. ಏನು ಮಾಡೋದು ಹೇಳಿ," ಅಂದಳು. ಅವಳ ದನಿಯೂ ಬತ್ತಿತ್ತು. ಯಶೋದಮ್ಮ ಎಂದಿನ ಮಾತು ಹೇಳಹೊರಟು ನಿಲ್ಲಿಸಿದರು. ಮನೆ ಕಟ್ಟಿಸುತ್ತಿರುವವಳ ಪಾಡು ಅವಳಿಗೆ.

ಇತ್ತ ಕೂಲಿಯವರು ಬಂದು ಮುಂದಿನ ಮನೆಯ ಕಿಟಕಿ ಬಾಗಿಲು ಕಿತ್ತರು. ಧೂಳಿಗೆ ಗೇಟಿನ ಹತ್ತಿರ ಕೂರಲಾಗದೆ ಅಂಜಿನಯ್ಯ ಒಳಗೇ ಉಳಿದು ಕೆಮ್ಮತೊಡಗಿದರು. ಮಹೇಶ್ ದಿನಾ ಫೋನ್ ಮಾಡುತ್ತಿದ್ದ. ಒಂದು ಬೆಳಿಗ್ಗೆ ಅಂಜಿನಯ್ಯ ತಾವಾಗಿಯೇ, "ಆಗ್ಲಿ ಬಿಡು ಯಶೋದ. ಮಗನ ಮನೆಗೇ ಹೋಗೋಣ. ನನಗೋಸ್ಕರ ನೀನೆಷ್ಟು ಅಂತ ಅಲೀತೀಯ," ಅಂದರು. ಗಂಡ ಅಷ್ಟು ಮೆತ್ತಗೆ ಮಾತಾಡಿದ್ದನ್ನು ಅವರು ಕೇಳಿರಲಿಲ್ಲ. ಲಕ್ವ ಹೊಡೆದ ದಿನವೂ ಇಷ್ಟು ಸಂಕಟವಾಗಿರಲಿಲ್ಲ.

"ಇನ್ನು ಸ್ವಲ್ಪ ದಿನ ನೋಡೋಣ ಇರಿ," ಅಂದರು. ನಂಬಿ ಹೇಳಿದರೋ, ಬೇರೆ ಮಾತು ತೋಚದೆ ಹೇಳಿದರೋ, ಅವರಿಗೇ ಗೊತ್ತಿರಲಿಲ್ಲ.

ಆಡಿ ಹುಟ್ಟುವ ಹಿಂದಿನ ದಿನ ಮಧ್ಯಾಹ್ನ ಸೆಲ್ವಿಯ ಫೋನ್ ಬಂತು. "ಅಮ್ಮ, ನಮ್ಮ ಸಾಮಾನು ಲೋಡ್ ಆಯ್ತು. ಮಾಲೀಕರ ಹತ್ರ ಕೀ ಕೊಟ್ಟಿದೀನಿ. ಬನ್ನಿ."

ಮಾರನೇ ದಿನ ಸಾಮಾನಿನ ಟೆಂಪೋ ಬ್ಯಾಡರಹಳ್ಳಿ ತಲುಪಿದಾಗ ಸೆಲ್ವಿ ಬಿಟ್ಟುಹೋಗಿದ್ದ ಹಳೇ ಕೊಡವೊಂದನ್ನು ಒಯ್ಯಲು ಬಂದಿದ್ದಳು. ಅಂಜಿನಯ್ಯ ಕೋಲೂರಿ ಹೊಸಿಲು ದಾಟಿದರು, ಯಾರ ಕೈಯನ್ನೂ ಹಿಡಿಯಲಿಲ್ಲ. ಯಶೋದಮ್ಮ ಅದನ್ನು ನೋಡಿ ಕಣ್ಣೊರೆಸಿಕೊಂಡು ಸೆಲ್ವಿಯ ಕಡೆ ತಿರುಗಿದರು.

"ಮೇಸ್ತ್ರಿ ಬಂದನಾ? ಕಲ್ಲು ಹಾಕಿದ್ರಾ?"

"ಎಲ್ಲಿ ಬಂದ? ಬರೀ ಕಾಂಕ್ರೀಟು. ಚಾಪೆ ಮೇಲೆ ಚಾಪೆ ಹಾಸ್ಕೊಂಡಿದೀವಿ."

"ಮತ್ತೆ ಯಾಕೆ ಹೊರಟೆ ತಾಯಿ? ಒಂದು ತಿಂಗಳು ಇರಬಹುದಿತ್ತಲ್ಲ ನೀನು."

ಸೆಲ್ವಿ ಕೊಡವನ್ನು ಸೊಂಟದ ಈ ಕಡೆಯಿಂದ ಆ ಕಡೆಗೆ ಬದಲಿಸಿದಳು. "ದಿನಾ ಸಂಜೆ ನಾನೇ ಇಬ್ಬರಿಗೂ ದೀಪ ಹಚ್ತಿದ್ದೆ ಅಮ್ಮ. ನಿಮ್ಮ ದೇವರು ನನ್ನ ಮನೇಲಿ, ನೀವು ಅಲ್ಲಿ ಧೂಳಲ್ಲಿ. ಮುಖ ಎತ್ತಿ ನೋಡಕ್ಕೆ ಆಗ್ಲಿಲ್ಲ ನಂಗೆ. ನಮ್ಮ ಯಜಮಾನ್ರಿಗೂ ಹೇಳಿದೆ, ನೆಲ ಹೆಂಗಾದ್ರೂ ಇರ್ಲಿ, ಹೊರಡೋಣ ಅಂತ."

ಯಶೋದಮ್ಮ ಸೆಲ್ವಿಯ ಕೈ ಹಿಡಿದುಕೊಂಡರು, ಬಿಡಲಿಲ್ಲ. ಊಟ ಮಾಡಿಕೊಂಡು ಹೋಗು ಅಂತ ಹಟ ಹಿಡಿದು, ಇನ್ನೂ ಕಟ್ಟು ಬಿಚ್ಚದ ಪಾತ್ರೆಗಳ ನಡುವೆಯೇ ಚಿತ್ರಾನ್ನ ಮಾಡಿ ಬಡಿಸಿದರು.

ಸಂಜೆ ಗೂಡಿನಲ್ಲಿ ಆಂಜನೇಯ ಒಬ್ಬನೇ ಇದ್ದ. ಯಶೋದಮ್ಮ ದೀಪ ಹಚ್ಚಿದರು. ಇಷ್ಟು ದಿನ ತಡೆದುಕೊಂಡಿದ್ದೆಲ್ಲ ಬಾಯಿಗೆ ಬರಬೇಕಿತ್ತು, ಆದರೆ ತಮಗಾಗಿ ಕೇಳಿಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ.

"ಆ ಮೇಸ್ತ್ರೀನ ಎಲ್ಲಿದ್ರೂ ಎಳ್ಕೊಂಡು ಬಾರಪ್ಪ," ಅಂದರು. "ಅವಳು ಬರೀ ನೆಲದ ಮೇಲೆ ಮಲಗಿದಾಳೆ."