ಟಂಗ್‌ಸ್ಟನ್ನಿಗೆ ನಾನು ಕೊಟ್ಟ ಸುಳ್ಳು ಅರ್ಥ

ಕುರುಗೋಡಿನವಳಾದ ನಾನು ಸಿರುಗುಪ್ಪದ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಸೇರಿ ಎರಡು ತಿಂಗಳಾಗಿತ್ತು. ತುಂಗಭದ್ರೆಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ಊರೂರಿಗೂ ಕರೆಂಟು ಬರುತ್ತದಂತೆ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಒಂದು ದಿನ ಬಲ್ಬಿನ ಪಾಠ ಮಾಡುತ್ತ, ಒಳಗಿನ ತಂತಿ ಟಂಗ್‌ಸ್ಟನ್ನಿನದು ಎಂದೆ. ರಾರಾವಿಯ ಹುಡುಗಿಯೊಬ್ಬಳು ಎದ್ದಳು.

“ಹಂಗಂದ್ರ ಏನ್ರಿ ಅಕ್ಕಾರ?”

ಗೊತ್ತಿಲ್ಲ ಎನ್ನಲು ನಾಚಿಕೆ. “ನಮ್ಮ ತುಂಗೆಯ ಕಲ್ಲು. ಅದಕ್ಕ ಆ ಹೆಸರು” ಎಂದುಬಿಟ್ಟೆ.

ಶುಕ್ರವಾರ ಅವಳೇ ಓಡಿಬಂದು ಹೇಳಿದಳು: “ನಮ್ಮಪ್ಪ ತುಂಗಭದ್ರಾ ಹೊಳ್ಯಾಗಿನ ಕಲ್ಲು ಒಂದು ಚೀಲ ತುಂಬ್ಯಾನ್ರಿ. ಸೋಮವಾರ ಬಳ್ಳಾರಿ ಬ್ರೂಸ್‌ಪೇಟಿ ಬಲ್ಬಿನ ಅಂಗಡಿಗೆ ಮಾರಾಕ ಒಯ್ತಾನ.”

ಪೇಟೆಯ ಮಂದಿ ಆ ರೈತನನ್ನು ನೋಡಿ ನಗುವುದು ಕಣ್ಣಿಗೆ ಕಟ್ಟಿತು. ನಾನು ಹೇಳಿದ್ದೇ ನಿಜವಾಗಿರಬಾರದೇ ಎಂದೂ ಆಸೆಪಟ್ಟೆ. ಶನಿವಾರ ಬಳ್ಳಾರಿ ಬಸ್ಸು ಹತ್ತಿ, ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದ ಮೇಷ್ಟರ ಮನೆಗೆ ಹೋದೆ. ಅವರು ದಪ್ಪ ನಿಘಂಟಿನ ಹಾಳೆ ತಿರುವುವಷ್ಟು ಹೊತ್ತೂ ಸೆರಗಿನ ತುದಿ ಹಿಂಡುತ್ತ ಕೂತೆ.

“ಸ್ವೀಡನ್ ದೇಶದ ಮಾತಮ್ಮ ಇದು,” ಎಂದರು. “ತುಂಗ್ ಅಂದ್ರ ಭಾರ, ಸ್ತೇನ್ ಅಂದ್ರ ಕಲ್ಲು. ಈ ಸ್ತೇನೂ ಇಂಗ್ಲಿಷಿನ ಸ್ಟೋನೂ ಒಂದ ಮನೆತನದವು. ನಮ್ಮ ಹೊಳಿಗೂ ಅದಕ್ಕೂ ಸಂಬಂಧ ಇಲ್ಲ.”

ಭಾನುವಾರ ಬೆಳಗ್ಗೆ ರಾರಾವಿಗೆ ಹೋದಾಗ ಹುಡುಗಿಯ ಅಪ್ಪ ಚೀಲದ ಬಾಯಿ ಹೊಲಿಯುತ್ತಿದ್ದ. ನಿಂತಲ್ಲೇ ಎಲ್ಲ ಹೇಳಿ, ತಪ್ಪು ನನ್ನದು ಎಂದೆ. ಬೈಯುತ್ತಾನೆಂದು ಕಾದೆ. ಅವನು ದಬ್ಬಣ ಕೆಳಗಿಟ್ಟ.

“ಊರಿಗೆಲ್ಲ ಹೇಳೀನ್ರಿ ಅಕ್ಕಾರ. ಈಗ ನಾ ಹೇಳಿದ್ರ ನಗ್ತಾರ. ನೀವ ಬಂದು ಹೇಳ್ರಿ.”

ಅವನ ಹಿಂದೆ ಊರ ಕಟ್ಟೆಗೆ ಹೋದೆ; ಅಲ್ಲಿ ಹತ್ತಿಪ್ಪತ್ತು ಗಂಡಸರಿದ್ದರು. ಅಷ್ಟು ಜನರೆದುರು ನಾನು ಬಾಯಿ ಬಿಟ್ಟದ್ದೇ ಇರಲಿಲ್ಲ. ಸ್ವೀಡನ್ನಿನ ಆ ಎರಡು ಪದ ಬಿಡಿಸಿ ಹೇಳಿ, ಮೊದಲು ಸುಳ್ಳು ಹೇಳಿದವಳು ನಾನೇ ಎಂದೆ. ಯಾರೂ ನಗಲಿಲ್ಲ. ಮುದುಕನೊಬ್ಬ ಮಾತ್ರ, “ಆ ದೇಶದಾಗ ಹೊಳಿ ಅದಾವೇನಮ್ಮ?” ಎಂದು ಕೇಳಿದ. ಅದೂ ನನಗೆ ಗೊತ್ತಿರಲಿಲ್ಲ, ಹಾಗೆಂದೇ ಹೇಳಿದೆ.

ಸೋಮವಾರ, ಮಂಗಳವಾರ ಹುಡುಗಿ ಶಾಲೆಗೆ ಬರಲಿಲ್ಲ. ಅಪ್ಪ ಬಿಡಿಸಿಬಿಟ್ಟನೇ ಎಂದು ನನಗೆ ಅನ್ನ ಸೇರಲಿಲ್ಲ. ಬುಧವಾರ ತಡವಾಗಿ ಬಂದು, ಸುಳ್ಳು ಹೇಳಿದ ನನ್ನ ಮುಖ ನೋಡದೆ ಮೂಲೆಯಲ್ಲಿ ಕೂತು ಪುಸ್ತಕ ತೆರೆದಳು. ನಾನು ಪಾಠ ಮುಂದುವರಿಸಿದೆ.